ಮೊದಲು ಬಸ್ಸು ಎಲ್ಲಿದೆ ಹೇಳಲಿ
ಪರಿಸರಸ್ನೇಹಿ ಪ್ರಯಾಣಕ್ಕೊಂದು ಆಪ್ ಮಾಡಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಇಂಗಾಲದ ಲೆಕ್ಕ, ಪಾಯಿಂಟು, ಬಹುಮಾನ ಎಂದು ಶುರು ಮಾಡುತ್ತಾರೆ. ಅಂತರಸಂತೆಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಜನ ಬೈಕ್ ಹತ್ತುವುದು ಬಸ್ಸು ಯಾವಾಗ ಬರುತ್ತದೆ ಎಂದು ಗೊತ್ತಾಗದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿತು. ಕಾಯುವ ಚಿಂತೆ ತಪ್ಪಿಲ್ಲ. ಹ್ಯಾಂಡ್‌ಪೋಸ್ಟ್‌ನಲ್ಲಿ ಸಂಜೆ ನಿಂತ ಹುಡುಗಿಗೆ ಮೈಸೂರಿನ ಬಸ್ಸು ಎಲ್ಲಿಗೆ ಬಂದಿದೆ ಎಂದು ತಿಳಿದರೆ, ಅವಳ ಅಣ್ಣ ಪೆಟ್ರೋಲ್ ಸುಟ್ಟುಕೊಂಡು ಕರೆದೊಯ್ಯಲು ಬರಬೇಕಿಲ್ಲ.

ಇದು ಹೊಸ ವಿದ್ಯೆಯೇನೂ ಅಲ್ಲ. ಮೈಸೂರಿನ ನಗರ ಬಸ್ಸುಗಳಿಗೆ ಕೆಎಸ್‌ಆರ್‌ಟಿಸಿ 2012ರಲ್ಲೇ ಜಿಪಿಎಸ್ ಹಾಕಿ, ಬಸ್ಸು ಬರುವ ಸಮಯವನ್ನು ನಿಲ್ದಾಣದ ಫಲಕದಲ್ಲಿ ತೋರಿಸಿತ್ತು. ಹಳ್ಳಿ ಬಸ್ಸಿಗೇಕೆ ಬೇಡ?

ಆಪ್ ಕನ್ನಡದಲ್ಲಿರಲಿ. ಕಾಡಂಚಿನಲ್ಲಿ ಸಿಗ್ನಲ್ ಹೋದರೂ ವೇಳಾಪಟ್ಟಿ ಕಾಣಲಿ. ನಮ್ಮ ಅಮ್ಮಿಯದು ಕೀಪ್ಯಾಡ್ ಫೋನ್, ಅವರಂಥವರಿಗೆ ಎಸ್‌ಎಂಎಸ್ ಬರಲಿ. ಬಾವಲಿ ಕಡೆಯ ಕಾಡುದಾರಿ ಸಂಜೆ 6ಕ್ಕೆ ಮುಚ್ಚುವುದನ್ನೂ ಮೊದಲೇ ನೆನಪಿಸಲಿ.

ಶುರು ಮಾಡಲು ಕೋಡಿಂಗ್ ಕೂಡ ಬೇಡ. ನಾವು ಹತ್ತು ಮಂದಿ ಸರದಿಯಲ್ಲಿ ನಿಂತು, ಬಸ್ಸುಗಳು ನಿಜವಾಗಿ ಬಂದ ಹೊತ್ತನ್ನು ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದರೆ, ಡಿಪೋ ಮ್ಯಾನೇಜರ್ ಮುಂದೆ ಇಡಲು ನಮ್ಮ ಕೈಯಲ್ಲೊಂದು ಪಟ್ಟಿ ಇರುತ್ತದೆ.