ಹೋಗದ ಪ್ರವಾಸಕ್ಕೆ ಬಡ್ಡಿ ಕಟ್ಟಿದವರು

ಭಾನುವಾರ ನಸುಕಿಗೇ ನಂದಿಬೆಟ್ಟದ ರಸ್ತೆ ತುಂಬ ಕಾರುಗಳ ಸಾಲು, ಹಬ್ಬದ ಹಿಂದಿನ ದಿನ ಖಾಸಗಿ ಬಸ್ಸಿನ ಟಿಕೆಟ್ಟಿಗೆ ವಿಮಾನದ ರೇಟು, ಕೊಡಗಿನಲ್ಲಿ ವೀಕೆಂಡಿಗೆ ರೂಮು ಸಿಕ್ಕಿದರೆ ಪುಣ್ಯ... ಇದನ್ನೆಲ್ಲ ನೋಡಿದವರು ಹೇಳೋದು ಒಂದೇ ಮಾತು. "ಕೊರೋನಾ ಕಾಲ ಮುಗೀತು ಬಿಡಿ, ಟೂರಿಸಂ ಮೊದಲಿಗಿಂತ ಜೋರಾಗಿದೆ." ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನಗೆ ಈ ಮಾತಿನ ಬಗ್ಗೆ ತಕರಾರಿದೆ. ಅದನ್ನೇ ಇವತ್ತು ಬರೆಯೋಣ ಅಂತ ಕೂತೆ.

ಮೊದಲು ಅಂಕಿ ಅಂಶ ನೋಡಿಬಿಡೋಣ. ಕೇಂದ್ರ ಪ್ರವಾಸೋದ್ಯಮ ಇಲಾಖೆ ಪ್ರತಿ ವರ್ಷ ದೇಶದೊಳಗಿನ ಪ್ರವಾಸಿಗರ ಭೇಟಿಗಳ ಲೆಕ್ಕ ಕೊಡುತ್ತದೆ. 2019ರಲ್ಲಿ ಅದು ಸುಮಾರು 232 ಕೋಟಿ ಇತ್ತು. 2020ರಲ್ಲಿ 61 ಕೋಟಿಗೆ ಬಿತ್ತು. ಅದರಲ್ಲೂ ಜನವರಿ, ಫೆಬ್ರವರಿ ತಿಂಗಳುಗಳು ಮಾಮೂಲಿಯಾಗಿದ್ದವು ಅನ್ನೋದು ನೆನಪಿರಲಿ. 2021ರಲ್ಲಿ ಸುಮಾರು 68 ಕೋಟಿ, 2022ರಲ್ಲಿ 173 ಕೋಟಿ, 2023ರಲ್ಲಿ 250 ಕೋಟಿ. ವಿಮಾನದ ಕಥೆಯೂ ಹೀಗೇ. 2019ರಲ್ಲಿ ದೇಶದೊಳಗೆ ಹಾರಾಡಿದವರು 14.4 ಕೋಟಿ, 2020ರಲ್ಲಿ 6.3 ಕೋಟಿ, 2023ರಲ್ಲಿ 15.2 ಕೋಟಿ. ಗ್ರಾಫ್ ಬರೆದರೆ ಚೆಂದದ ಇಂಗ್ಲಿಷ್ 'ವಿ' ಅಕ್ಷರ. ಪ್ರೆಸೆಂಟೇಶನ್ನಿನಲ್ಲಿ ಹಾಕಿದರೆ ಮ್ಯಾನೇಜರು ಖುಷಿಯಾಗುತ್ತಾರೆ :-)

ಆದರೆ ಇನ್ನೊಂದು ಲೆಕ್ಕ ಮಾಡಿ ನೋಡಿ. ಪ್ರತಿ ವರ್ಷ 2019ರಷ್ಟೇ ಜನ ಓಡಾಡಿದ್ದರು ಅಂತ ಇಟ್ಟುಕೊಂಡರೆ 2020ರಲ್ಲಿ 171 ಕೋಟಿ ಭೇಟಿ ಕಮ್ಮಿ ಆಯಿತು, 2021ರಲ್ಲಿ 164 ಕೋಟಿ, 2022ರಲ್ಲಿ 59 ಕೋಟಿ. ಮೂರೂ ಕೂಡಿದರೆ 390 ಕೋಟಿಗೂ ಹೆಚ್ಚು. 2023ರಲ್ಲಿ ಹೆಚ್ಚಿಗೆ ಬಂದದ್ದು 18 ಕೋಟಿ. ವಿ ಅಕ್ಷರದ ಎರಡು ಗೆರೆಗಳ ನಡುವೆ ಇರುವ ಈ ಗುಂಡಿಯನ್ನು ಯಾರೂ ನೋಡುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಫ್ರಿಜ್ ಕೊಳ್ಳಬೇಕು ಅಂದುಕೊಂಡವನು ಲಾಕ್‌ಡೌನಿನಿಂದಾಗಿ ಕೊಳ್ಳಲಿಲ್ಲ ಅಂದರೆ ಆರು ತಿಂಗಳು ಬಿಟ್ಟು ಕೊಳ್ಳುತ್ತಾನೆ. ಅಂಗಡಿಯವನಿಗೆ ವ್ಯಾಪಾರ ತಡವಾಯಿತು, ತಪ್ಪಿಹೋಗಲಿಲ್ಲ. ಪ್ರವಾಸ ಹಾಗಲ್ಲ. 2020ರ ಬೇಸಿಗೆ ರಜೆಯಲ್ಲಿ ಊಟಿಗೆ ಹೋಗಲಿಲ್ಲ ಅಂತ ಯಾರೂ 2022ರಲ್ಲಿ ಎರಡು ಸಲ ಊಟಿಗೆ ಹೋಗುವುದಿಲ್ಲ. ಹೋದರೂ ಒಂದೇ ಸಲಕ್ಕೆ ಎರಡು ರೂಮು ಹಿಡಿಯುವುದಿಲ್ಲ, ಮಕ್ಕಳನ್ನು ಒಂದೇ ಕುದುರೆ ಮೇಲೆ ಎರಡೆರಡು ರೌಂಡು ಕೂರಿಸುವುದಿಲ್ಲ. ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರಲು ಆಗುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಫ್ರಿಜ್ ವ್ಯಾಪಾರ ಟಿಸಿಪಿ ಇದ್ದ ಹಾಗೆ, ಕಳೆದುಹೋದ ಪ್ಯಾಕೆಟ್ ಮತ್ತೆ ಬರುತ್ತದೆ. ಪ್ರವಾಸ ಯುಡಿಪಿ. ಹೋದದ್ದು ಹೋಯಿತು. (ಕಂಪ್ಯೂಟರ್ ಗೊತ್ತಿಲ್ಲದವರು ಇದನ್ನು ಬಿಟ್ಟು ಮುಂದೆ ಓದಿ, ನಷ್ಟವೇನಿಲ್ಲ!)

ಇದು ಎಷ್ಟು ನಿಜ ಅಂತ ಸರ್ಕಾರಕ್ಕೂ ಗೊತ್ತಿತ್ತು. 2020ರ ಅಕ್ಟೋಬರ್ 12ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಒಂದು ಯೋಜನೆ ಪ್ರಕಟಿಸಿದರು. ಕೇಂದ್ರ ಸರ್ಕಾರಿ ನೌಕರರಿಗೆ ಪ್ರವಾಸಕ್ಕೆ ಅಂತ ಎಲ್‌ಟಿಸಿ ಸಿಗುತ್ತದಲ್ಲ, ಪ್ರವಾಸ ಹೋಗದೆಯೂ ಆ ದುಡ್ಡನ್ನು ಪಡೆಯಬಹುದು ಅಂದರು. ಷರತ್ತುಗಳು ಏನಪ್ಪಾ ಅಂದರೆ, ಪ್ರಯಾಣದ ಖರ್ಚಿನ ಮೂರು ಪಟ್ಟು ಮೊತ್ತದ ಸಾಮಾನು ಕೊಳ್ಳಬೇಕು, ಅದು ಶೇಕಡಾ 12 ಅಥವಾ ಹೆಚ್ಚು ಜಿಎಸ್‌ಟಿ ಇರುವ ಸಾಮಾನಾಗಿರಬೇಕು, ದುಡ್ಡು ಡಿಜಿಟಲ್ ಆಗಿ ಕೊಡಬೇಕು, 2021ರ ಮಾರ್ಚ್ 31ರೊಳಗೆ ಮುಗಿಸಬೇಕು. ಒಟ್ಟು ಆರ್ಥಿಕತೆಯ ಕಣ್ಣಿಂದ ನೋಡಿದರೆ ಜಾಣ ಯೋಜನೆಯೇ. ಆಗ ಯಾರಿಗೂ ತಿರುಗಾಡಲು ಆಗುತ್ತಿರಲಿಲ್ಲ, ಕಾರ್ಖಾನೆಗಳಾದರೂ ಓಡಲಿ ಅನ್ನುವ ಉದ್ದೇಶ. ಆದರೆ ಬೇಲೂರಿನ ಗೈಡಿಗೋ, ಹಂಪಿಯ ತೆಪ್ಪದವನಿಗೋ ಬರಬೇಕಿದ್ದ ದುಡ್ಡು ವಾಷಿಂಗ್ ಮೆಷಿನ್ ಆಗಿ ಬೇರೆ ಯಾರದೋ ಮನೆ ಸೇರಿತು. ಅವರ ಪಾಲಿಗೆ ಬೇರೆ ಏನಾದರೂ ವ್ಯವಸ್ಥೆ ಆಗಬೇಕಿತ್ತು ಅನ್ನುವ ಮಾತು ಆ ಪ್ರಕಟಣೆಯಲ್ಲಿರಲಿಲ್ಲ.

ಪ್ರವಾಸದ ದುಡ್ಡು ಹೇಗೆ ಹಂಚಿಹೋಗುತ್ತೆ ಅಂತ ಯೋಚಿಸಿ. ಬೆಂಗಳೂರಿನಿಂದ ಮೈಸೂರಿಗೆ ಹೊರಟ ಒಂದು ಸಂಸಾರ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತದೆ, ಚನ್ನಪಟ್ಟಣದಲ್ಲಿ ಮಗುವಿಗೆ ಮರದ ಗೊಂಬೆ ಕೊಳ್ಳುತ್ತದೆ, ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಳ್ಳುತ್ತದೆ. ಅರಮನೆ ಮುಂದೆ ಕಡಲೆಕಾಯಿ, ಜಟಕಾ, ಚಾಮುಂಡಿ ಬೆಟ್ಟದಲ್ಲಿ ಹೂವು ಹಣ್ಣುಕಾಯಿ. ಇವರಲ್ಲಿ ಯಾರಿಗೂ ಸಂಬಳದ ಸ್ಲಿಪ್ ಇಲ್ಲ. ನಮ್ಮ ದೇಶದ ಪ್ರವಾಸದ ಖರ್ಚಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ನಮ್ಮವರೇ ಮಾಡುವುದು, ವಿದೇಶಿಯರದ್ದಲ್ಲ. ಅಂದರೆ ಈ ಉದ್ಯಮವನ್ನು ಎತ್ತಿ ಹಿಡಿದಿರೋದು ನಮ್ಮ ನಿಮ್ಮಂಥವರ ಇಡ್ಲಿ ವಡೆ ಖರ್ಚೇ.

2020ರ ಮಾರ್ಚಿನಲ್ಲಿ ಇದೆಲ್ಲ ಒಂದೇ ವಾರದಲ್ಲಿ ನಿಂತಿತು. ಮಾರ್ಚ್ 17ಕ್ಕೆ ಪುರಾತತ್ವ ಇಲಾಖೆಯ ಸ್ಮಾರಕಗಳು ಮುಚ್ಚಿದವು, 25ಕ್ಕೆ ಲಾಕ್‌ಡೌನ್. ಹಂಪಿ, ಪಟ್ಟದಕಲ್ಲಿನಂಥ ಸ್ಮಾರಕಗಳಿಗೆ ಜುಲೈ 6ರಿಂದ ಅನುಮತಿ ಸಿಕ್ಕಿತು, ಮತ್ತೆ 2021ರ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದ ತನಕ ಬೀಗ. 2020ರಲ್ಲಿ ಮೈಸೂರು ದಸರಾ ಜಂಬೂಸವಾರಿ ಅರಮನೆ ಆವರಣದೊಳಗೇ, ಸುಮಾರು 300 ಜನರ ಮುಂದೆ ನಡೆಯಿತು. ಟಿಕೆಟ್ ದುಡ್ಡಿನಲ್ಲೇ ನಡೆಯುವ ಮೈಸೂರು ಮೃಗಾಲಯಕ್ಕೆ ಪ್ರಾಣಿಗಳ ಮೇವಿಗೂ ತೊಂದರೆಯಾಗಿ ಆಗಿನ ಉಸ್ತುವಾರಿ ಸಚಿವ ಎಸ್.ಟಿ. ಸೋಮಶೇಖರ್ ದೇಣಿಗೆ ಎತ್ತಿಕೊಟ್ಟರು. ಹುಲಿ, ಜಿರಾಫೆಗಳಿಗೆ ದೇಣಿಗೆ ಬಂತು, ಒಳ್ಳೆಯದೇ ಆಯಿತು. ಮೃಗಾಲಯದ ಗೇಟಿನ ಹೊರಗೆ ಸೌತೆಕಾಯಿ ಮಾರುವವಳಿಗೆ ಯಾರು ಎತ್ತಿಕೊಡುತ್ತಾರೆ?

ಕೊಡಗಿನವರದ್ದು ಇನ್ನೂ ಕಷ್ಟದ ಕಥೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಪ್ರವಾಸಿಗರು ಬರಲಿಲ್ಲ, 2019ರಲ್ಲಿ ಮತ್ತೆ ಪ್ರವಾಹ, ಮೂರನೇ ವರ್ಷ ಕೊರೋನಾ. ಹೋಮ್‌ಸ್ಟೇಗೆ ಅಂತ ಸಾಲ ಮಾಡಿದವರಿಗೆ ಸತತ ಮೂರು ವರ್ಷ ಸೀಸನ್ನೇ ಇಲ್ಲ.

ನನಗೆ ಈ ವಿಷಯ ಯಾಕೆ ಇಷ್ಟು ಕೊರೆಯುತ್ತದೆ ಅಂದರೆ, ನಮ್ಮ ಸೋದರಮಾವ ಹಾಸನದಲ್ಲಿ ಟೆಂಪೋ ಟ್ರಾವೆಲರ್ ಇಟ್ಟುಕೊಂಡಿದ್ದರು. ಇಪ್ಪತ್ತು ವರ್ಷ ಬೇರೆಯವರ ಗಾಡಿ ಓಡಿಸಿ 2019ರಲ್ಲಿ ಸಾಲ ಮಾಡಿ ಸ್ವಂತದ್ದು ತೆಗೆದುಕೊಂಡರು. ಬೇಲೂರು ಹಳೇಬೀಡು, ಧರ್ಮಸ್ಥಳ ಕುಕ್ಕೆ, ಡಿಸೆಂಬರಿನಲ್ಲಿ ಶಾಲೆ ಟ್ರಿಪ್ಪು, ಆಮೇಲೆ ಶಬರಿಮಲೆ. ಇದೇ ಅವರ ವರ್ಷ. 2020ರಲ್ಲಿ ಶಾಲೆಗಳೇ ಇರಲಿಲ್ಲ. ಶಬರಿಮಲೆಯಲ್ಲಿ ಸೀಸನ್ ಶುರುವಾದಾಗ ವಾರದ ದಿನಗಳಲ್ಲಿ ದಿನಕ್ಕೆ ಸಾವಿರ ಜನರಿಗೆ ಮಾತ್ರ ಪ್ರವೇಶ. ರಿಸರ್ವ್ ಬ್ಯಾಂಕು ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು ನಿಜ. ಆದರೆ ಬಡ್ಡಿ ನಿಲ್ಲಲಿಲ್ಲ. ಓಡದ ಗಾಡಿಗೆ ಬಡ್ಡಿ ಬೆಳೆಯುತ್ತಿತ್ತು. "ನಿಂತ ಗಾಡಿಗೆ ಖರ್ಚಿಲ್ಲ ಅಂತ ತಿಳ್ಕೋಬೇಡ ಕಣೋ, ಬ್ಯಾಟರಿ ಹೋಯ್ತು, ಟೈರೂ ಹೋಯ್ತು" ಅಂತ ಮಾವ ಫೋನಿನಲ್ಲಿ ಹೇಳುತ್ತಿದ್ದರು. ಎರಡನೇ ಅಲೆ ಬಂದ ಮೇಲೆ ಬಂದಷ್ಟಕ್ಕೆ ಮಾರಿದರು. ಮಾರಿದ ಮೇಲೂ ಸಾಲ ಸ್ವಲ್ಪ ಉಳಿಯಿತು. ಈಗ ಮತ್ತೆ ಬೇರೆಯವರ ಗಾಡಿಗೆ ಡ್ರೈವರ್. ಶನಿವಾರ ಭಾನುವಾರ ಬಿಡುವೇ ಇಲ್ಲ ಅವರಿಗೆ. ಸರ್ಕಾರದ ಲೆಕ್ಕದಲ್ಲಿ ಅವರು ಚೇತರಿಸಿಕೊಂಡ ಪ್ರವಾಸೋದ್ಯಮದ ಭಾಗ!

ನೆರವು ಬರಲೇ ಇಲ್ಲ ಅಂತಲ್ಲ. ಕರ್ನಾಟಕ ಸರ್ಕಾರ 2020ರಲ್ಲಿ ಆಟೋ, ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ 5,000 ರೂಪಾಯಿ ಘೋಷಿಸಿತು. 2021ರಲ್ಲಿ ಮ್ಯಾಕ್ಸಿ ಕ್ಯಾಬಿನವರನ್ನೂ ಸೇರಿಸಿ 3,000. ಒಂದು ತಿಂಗಳ ಕಂತಿಗೂ ಸಾಲದು, ಆದರೂ ಆ ಹೊತ್ತಿಗೆ ಅಕ್ಕಿ ಬೇಳೆಗಾಯಿತು. ಕೇಂದ್ರ ಸರ್ಕಾರ 2021ರ ಜೂನ್ ಕೊನೆಗೆ, ಅಂದರೆ ಹದಿನೈದು ತಿಂಗಳಾದ ಮೇಲೆ, ಪ್ರವಾಸ ಸಂಸ್ಥೆಗಳಿಗೆ 10 ಲಕ್ಷದವರೆಗೆ, ನೋಂದಾಯಿತ ಗೈಡುಗಳಿಗೆ 1 ಲಕ್ಷದವರೆಗೆ ಖಾತರಿ ಸಾಲ ಪ್ರಕಟಿಸಿತು. ಗಮನಿಸಿ, ಸಾಲ. ಆದಾಯ ತಪ್ಪಿಹೋದವನಿಗೆ ಸಾಲ ಕೊಟ್ಟರೆ ಮುಂದೆ ಬರುವ ಆದಾಯದಲ್ಲಿ ಹಿಂದೆ ಬಾರದ ಆದಾಯದ ಬಡ್ಡಿ ಕಟ್ಟಬೇಕು. ಅದೂ ನೋಂದಣಿ ಇದ್ದವರಿಗೆ ಮಾತ್ರ. ಪ್ರವಾಸೋದ್ಯಮ ಇಲಾಖೆಯೇ ಮಾಡಿಸಿದ ಎನ್‌ಸಿಎಇಆರ್ ಅಧ್ಯಯನದ ಪ್ರಕಾರ 2020ರ ಏಪ್ರಿಲ್‌ನಿಂದ ಜೂನ್ ಒಳಗೆ ಈ ವಲಯದಲ್ಲಿ ಹೋದ ಕೆಲಸಗಳು 1.45 ಕೋಟಿ. ಆ ಸಾಲದ ಯೋಜನೆ ಮುಟ್ಟಬೇಕೆಂದುಕೊಂಡಿದ್ದ ಗೈಡುಗಳು, ಸಂಸ್ಥೆಗಳು ಎಲ್ಲ ಸೇರಿ ಹನ್ನೊಂದು ಸಾವಿರದ ಚಿಲ್ಲರೆ.

ಯಾರ ದುಡ್ಡು ಯಾರ ಹತ್ತಿರ ಉಳಿಯಿತು ಅನ್ನುವುದರಲ್ಲೂ ದೊಡ್ಡವರು ಚಿಕ್ಕವರು ಅನ್ನೋ ವ್ಯತ್ಯಾಸ ಇತ್ತು. ಲಾಕ್‌ಡೌನಿನಿಂದ ರದ್ದಾದ ವಿಮಾನದ ಟಿಕೆಟ್ಟಿನ ದುಡ್ಡಿಗೆ 'ಕ್ರೆಡಿಟ್ ಶೆಲ್' ಅಂತ ಹೆಸರು ಬಂತು. ದುಡ್ಡು ವಾಪಸ್ಸಿಲ್ಲ, ಮುಂದೆ ಯಾವಾಗಲಾದರೂ ಹಾರಿ. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿ 2020ರ ಅಕ್ಟೋಬರ್ 1ರಂದು ತೀರ್ಪು ಬಂತು, ಸಂಸ್ಥೆಗಳಿಗೆ ಕಷ್ಟವಿದ್ದರೆ ಮುಂದಿನ ಮಾರ್ಚ್ ಕೊನೆವರೆಗೂ ಕ್ರೆಡಿಟ್ ಶೆಲ್ ಇಟ್ಟುಕೊಳ್ಳಬಹುದು ಅಂತಾಯಿತು. ಅಂದರೆ ಕಷ್ಟಕಾಲದಲ್ಲಿ ಪ್ರಯಾಣಿಕರೇ ಸಾಲ ಕೊಟ್ಟ ಹಾಗೆ. ಹೋಮ್‌ಸ್ಟೇ ಆಂಟಿಗೆ ನಾವು ಯಾರಾದರೂ ಈ ಸವಲತ್ತು ಕೊಟ್ಟೆವಾ? "ಮೇಡಂ, ಅಡ್ವಾನ್ಸ್ ವಾಪಸ್ ಹಾಕಿಬಿಡಿ" ಅಂತ ಮೆಸೇಜ್ ಹಾಕಿದವರೇ ಹೆಚ್ಚು. ಅವರು ಪಾಪ ಹಾಕಿಯೂ ಹಾಕಿದರು.

ಈಗ ನೀವು ಕೇಳಬಹುದು, ಆಸ್ಪತ್ರೆಯಲ್ಲಿ ಆಕ್ಸಿಜನ್ ಇಲ್ಲದ ಹೊತ್ತಿನಲ್ಲಿ ಟೂರಿಸ್ಟ್ ಗೈಡಿನ ಚಿಂತೆ ಮಾಡುವುದಕ್ಕಾಗುತ್ತಾ ಅಂತ. ನ್ಯಾಯವಾದ ಪ್ರಶ್ನೆ. ಮೊದಲು ಜೀವ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲು ಮುಚ್ಚಿ ಅಂತ ಹೇಳಿದ್ದು ಎಲ್ಲರ ಒಳಿತಿಗಾಗಿ. ಎಲ್ಲರ ಒಳಿತಿನ ಬಿಲ್ಲನ್ನು ಕೆಲವರೇ ಯಾಕೆ ಕಟ್ಟಬೇಕು? ನಮ್ಮಂಥ ಸಾಫ್ಟ್‌ವೇರಿನವರಿಗೆ ಆಗ ಮನೆಯಿಂದಲೇ ಕೆಲಸ, ತಿಂಗಳ ಕೊನೆಗೆ ಸಂಬಳ. 2020ರಲ್ಲಿ ನನ್ನದು ಮೊದಲ ಕೆಲಸ. ಪಿಜಿ ಬಾಡಿಗೆ ಇಲ್ಲ, ಓಡಾಟ ಇಲ್ಲ, ಗೋಕರ್ಣದ ಟ್ರಿಪ್ಪೂ ಇಲ್ಲ. ಉಳಿತಾಯ ಖಾತೆ ಅಷ್ಟು ದಪ್ಪಗೆ ಮತ್ತೆಂದೂ ಆಗಿಲ್ಲ. ನನ್ನ ಖಾತೆಯಲ್ಲಿ ಉಳಿದದ್ದು ಮಾವನಂಥವರ ಖಾತೆಗೆ ಬಾರದೆ ಹೋದ ದುಡ್ಡೇ ಅಲ್ಲವೇ?

ಜನ ಮರಳಿದ ಮೇಲೂ ದುಡ್ಡು ಹಳೆಯ ದಾರಿಯಲ್ಲೇ ಹರಿಯಲಿಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ಚನ್ನಪಟ್ಟಣ, ಮದ್ದೂರು ಎಲ್ಲ ಬೈಪಾಸಿನ ಆಚೆಗೆ ಸರಿದವು. ಎರಡು ಅಲೆ ದಾಟಿ ಬದುಕಿದ ಗೊಂಬೆ ಅಂಗಡಿಯವರ ಮುಂದೆ ಈಗ ಕಾರೇ ಹೋಗುವುದಿಲ್ಲ. ರೈಲಿನಲ್ಲಿ ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ, ಗಂಡಸರಿಗೆ ಶೇಕಡಾ 40, ಹೆಂಗಸರಿಗೆ 50, 2020ರ ಮಾರ್ಚಿನಲ್ಲಿ ನಿಂತದ್ದು ರೈಲುಗಳೆಲ್ಲ ಮಾಮೂಲಿಯಾದ ಮೇಲೂ ಮರಳಲಿಲ್ಲ. ಕಾಶಿ ರಾಮೇಶ್ವರ ಅಂತ ಹೊರಡುವ ಅಜ್ಜ ಅಜ್ಜಿಯರೇ ಆಫ್ ಸೀಸನ್ನಿನ ಗಿರಾಕಿಗಳು ಅನ್ನುವುದು ಯಾರಿಗೂ ಹೊಳೆದಂತಿಲ್ಲ. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅದರ ಬಗ್ಗೆ ನಿಮ್ಮ ರಾಜಕೀಯ ಅಭಿಪ್ರಾಯ ಏನೇ ಇರಲಿ, ಧರ್ಮಸ್ಥಳ, ಕುಕ್ಕೆ, ಮಲೆ ಮಹದೇಶ್ವರ ಬೆಟ್ಟದಲ್ಲಿ ಏನಾಯಿತು ನೋಡಿದ್ದೀರಿ. ಟಿಕೆಟ್ಟಿಗೆ ಉಳಿದ ದುಡ್ಡು ಹೂವಿಗೆ, ಬಳೆಗೆ, ಕಾಫಿಗೆ ಹೋಯಿತು. ಪ್ರವಾಸದ ದುಡ್ಡನ್ನು ಚಿಕ್ಕ ಕೈಗಳಿಗೆ ತಲುಪಿಸಬೇಕು ಅಂದರೆ ದಾರಿಗಳಿವೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಇಂಥದ್ದೇ ಕಾಯಿಲೆ ಮತ್ತೆ ಬರುವುದಿಲ್ಲ ಅಂತ ಯಾರೂ ಬರೆದುಕೊಡಲಾರರು. ಅಷ್ಟರೊಳಗೆ ಗೈಡು, ತೆಪ್ಪದವರು, ಜಟಕಾದವರು, ದೇವಸ್ಥಾನದ ಮುಂದಿನ ಅಂಗಡಿಯವರು, ಎಲ್ಲರ ಹೆಸರೂ ಒಂದು ಪಟ್ಟಿಯಲ್ಲಿ ಬರಲಿ. ಬಾಗಿಲು ಮುಚ್ಚಿಸಿದ ದಿನದಿಂದಲೇ ಅವರ ಖಾತೆಗೆ ಪ್ರತಿ ತಿಂಗಳು ನೇರವಾಗಿ ಒಂದಿಷ್ಟು ದುಡ್ಡು ಬರಲಿ, ಸಾಲವಾಗಿ ಅಲ್ಲ. ಕಂತು ಮುಂದೂಡಿದರೆ ನಿಂತ ಗಾಡಿಯ ಮೇಲಿನ ಬಡ್ಡಿಯೂ ನಿಲ್ಲಲಿ. ಒಂದು ಡೇಟಾಬೇಸು, ಒಂದು ಬ್ಯಾಂಕ್ ಟ್ರಾನ್ಸ್‌ಫರ್. ಮಾಡಲಾಗದಷ್ಟು ಕಷ್ಟದ ಕೆಲಸವೇನಲ್ಲ ಅಂತ ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವನಾಗಿ ಹೇಳಬಲ್ಲೆ.

ನಮ್ಮ ಕೈಯಲ್ಲಾಗುವುದೂ ಇದೆ. ಮುಂದಿನ ಸಲ ಮೈಸೂರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇ ಬಿಟ್ಟು ಒಂದು ಸಲ ಚನ್ನಪಟ್ಟಣದ ಒಳಗೆ ಗಾಡಿ ತಿರುಗಿಸಿ. ಹಳೇಬೀಡಿನಲ್ಲಿ ಮೊಬೈಲ್ ನೋಡಿ ಶಿಲ್ಪದ ಹೆಸರು ಹುಡುಕುವ ಬದಲು ಗೈಡನ್ನು ಕರೆಯಿರಿ, ಕಥೆಯೂ ಚೆನ್ನಾಗಿ ಹೇಳುತ್ತಾರೆ. ಹೋಮ್‌ಸ್ಟೇಗೆ ಕೊಟ್ಟ ಅಡ್ವಾನ್ಸ್ ಇದ್ದು ಹೋಗಲಾಗದಿದ್ದರೆ ವಾಪಸ್ ಕೇಳಬೇಡಿ, ಮುಂದಿನ ತಿಂಗಳು ಹೋಗಿ.

ನಿಮ್ಮ ಊರಿನ ಕಡೆ ಏನಾಯಿತು? ಕಾರವಾರ, ಬಾದಾಮಿ, ಜೋಗದ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಮುಚ್ಚಿದ ಅಂಗಡಿಗಳಲ್ಲಿ ಎಷ್ಟು ಮತ್ತೆ ತೆರೆದವು, ಎಷ್ಟು ತೆರೆಯಲಿಲ್ಲ, ಅದನ್ನು ನಡೆಸುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ ಅನ್ನುವುದು ಇಲಾಖೆಯ ಗ್ರಾಫಿನಲ್ಲಿ ಸಿಗುವುದಿಲ್ಲ.