ವಿಚಾರಣೆಯೇ ಕೆಟ್ಟುಹೋದಾಗ

ಅಮೆರಿಕದ ನ್ಯಾಯಾಲಯಗಳ ಸುದ್ದಿ ಬಂದಾಗಲೆಲ್ಲ ‘ಮಿಸ್‌ಟ್ರಯಲ್’ ಎಂಬ ಪದ ನಮ್ಮ ಕಿವಿಗೆ ಬೀಳುತ್ತದೆ. ಜ್ಯೂರಿಯ ಸದಸ್ಯರಲ್ಲಿ ಒಮ್ಮತ ಮೂಡದಿದ್ದರೆ, ಅಥವಾ ಸರಿಪಡಿಸಲಾಗದ ಲೋಪವೊಂದು ನಡೆದರೆ, ನ್ಯಾಯಾಧೀಶರು ವಿಚಾರಣೆಯನ್ನು ಅಲ್ಲಿಗೇ ರದ್ದುಪಡಿಸುತ್ತಾರೆ. ಆರೋಪಿ ಗೆದ್ದನೆಂದು ಕೆಲವರು, ತಪ್ಪಿಸಿಕೊಂಡನೆಂದು ಕೆಲವರು ಹೇಳುವುದುಂಟು. ಎರಡೂ ಸರಿಯಲ್ಲ. ಅಲ್ಲಿ ತೀರ್ಪೇ ಆಗಿಲ್ಲ. ಒಮ್ಮತ ಮೂಡದ ಪ್ರಕರಣವನ್ನು ಹೊಸ ಜ್ಯೂರಿಯ ಮುಂದೆ ಮೊದಲಿನಿಂದ ನಡೆಸಲು ಅಲ್ಲಿನ ಕಾನೂನು ಅಡ್ಡಿಪಡಿಸುವುದಿಲ್ಲ.

ನಮ್ಮ ದೇಶದ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಈಗ ಜ್ಯೂರಿ ಇಲ್ಲ. ಆ ಪದವೂ ಬಳಕೆಯಲ್ಲಿಲ್ಲ. ಆದರೆ ವಿಚಾರಣೆ ಕೆಡುವುದು ಇಲ್ಲಿಯೂ ಉಂಟು. ಮೇಲ್ಮನವಿ ಆಲಿಸುವ ನ್ಯಾಯಾಲಯವು ಖುಲಾಸೆಯ ಆದೇಶವನ್ನೂ ತಳ್ಳಿಹಾಕಿ ಮರುವಿಚಾರಣೆಗೆ ಆದೇಶಿಸಬಲ್ಲದು.

ವಡೋದರಾದ ಬೆಸ್ಟ್ ಬೇಕರಿ ಪ್ರಕರಣವನ್ನು ನಮ್ಮ ಹಿರಿಯರು ಮರೆತಿರಲಾರರು. 2002ರ ಮಾರ್ಚ್ 1ರ ರಾತ್ರಿ ಆರಂಭವಾದ ಆ ದಾಳಿಯಲ್ಲಿ 14 ಮಂದಿ ಪ್ರಾಣ ಕಳೆದುಕೊಂಡರು. ಬೇಕರಿಯಲ್ಲಿ ದುಡಿಯುತ್ತಿದ್ದ ಹಿಂದೂ ಕೆಲಸಗಾರರೂ ಅವರಲ್ಲಿದ್ದರು; ಇದನ್ನು ನಾವು ಹೇಳುವಾಗ ಬಿಟ್ಟುಬಿಡುತ್ತೇವೆ, ಬಿಡಬಾರದು. 2003ರ ಜೂನ್‌ನಲ್ಲಿ ತ್ವರಿತಗತಿ ನ್ಯಾಯಾಲಯವು ಎಲ್ಲ 21 ಆರೋಪಿಗಳನ್ನು ಬಿಡುಗಡೆ ಮಾಡಿತು. ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರಂತೆ ಹೇಳಿಕೆ ಬದಲಿಸಿದ್ದರು. ಹೈಕೋರ್ಟೂ ಆ ತೀರ್ಪನ್ನು ಎತ್ತಿಹಿಡಿಯಿತು.

2004ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ದೊರೈಸ್ವಾಮಿ ರಾಜು ಮತ್ತು ಅರಿಜಿತ್ ಪಸಾಯತ್ ಅವರ ಪೀಠವು, ತನಿಖೆಯೂ ಸರಕಾರಿ ವಕೀಲರ ನಡೆಯೂ ಸತ್ಯಶೋಧನೆಯ ದಾರಿಯಲ್ಲಿರಲಿಲ್ಲವೆಂದು ಕಂಡು, ಮಹಾರಾಷ್ಟ್ರದಲ್ಲಿ ಹೊಸದಾಗಿ ವಿಚಾರಣೆ ನಡೆಸಲು ಆದೇಶಿಸಿತು. ಸಾಕ್ಷಿಯು ನಿರ್ಭಯವಾಗಿ ಮಾತನಾಡಲಾಗದ ಕಡೆ ನಡೆಯುವುದು ಹೆಸರಿಗಷ್ಟೇ ವಿಚಾರಣೆ. ಆರೋಪಿಗೆ ಹೇಗೋ ಹಾಗೆಯೇ ನೊಂದವರಿಗೂ ನ್ಯಾಯಯುತ ವಿಚಾರಣೆಯ ಹಕ್ಕಿದೆ ಎಂಬುದು ಆ ತೀರ್ಪಿನ ಒಳತಿರುಳು.

ಮುಂದಿನದು ಅಷ್ಟು ಸರಳವಲ್ಲ. 2006ರ ಫೆಬ್ರವರಿಯಲ್ಲಿ ಮುಂಬಯಿಯ ವಿಶೇಷ ನ್ಯಾಯಾಲಯವು 9 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿ, 8 ಮಂದಿಯನ್ನು ಬಿಡುಗಡೆ ಮಾಡಿತು. ಮರುವಿಚಾರಣೆಗಾಗಿ ಹೋರಾಡಿದ್ದ ಪ್ರಮುಖ ಸಾಕ್ಷಿಯೇ ಮತ್ತೆ ಮಾತು ಬದಲಿಸಿದ್ದಳು. ನ್ಯಾಯಾಂಗ ನಿಂದನೆಗಾಗಿ ಸುಪ್ರೀಂ ಕೋರ್ಟು ಅವಳಿಗೆ ಒಂದು ವರ್ಷದ ಸೆರೆವಾಸ ವಿಧಿಸಿತು. ಗವಾಹಿಯ ಭಾರವನ್ನು ಮಕ್ಕಳಿಗೆ ಕಲಿಸುವ ನಾವು ಅವಳ ತಪ್ಪನ್ನು ತಪ್ಪಲ್ಲವೆನ್ನಲಾರೆವು. ಆದರೆ ಮನೆಮಂದಿಯನ್ನು ಕಳೆದುಕೊಂಡ ಒಬ್ಬ ಎಳೆಯ ಹೆಣ್ಣುಮಗಳ ಹೆಗಲ ಮೇಲೆ ಇಡೀ ಪ್ರಕರಣವನ್ನು ಹೊರಿಸಿದ್ದೂ ಸರಿಯೆನಿಸುವುದಿಲ್ಲ. ಸಾಕ್ಷಿಗಳ ರಕ್ಷಣೆಗೆ ದೇಶವ್ಯಾಪಿ ಯೋಜನೆಯೊಂದನ್ನು ಸುಪ್ರೀಂ ಕೋರ್ಟು ಅನುಮೋದಿಸಿದ್ದು 2018ರಲ್ಲಿ!

2012ರ ಜುಲೈಯಲ್ಲಿ ಬಾಂಬೆ ಹೈಕೋರ್ಟು ಆ 9 ಮಂದಿಯಲ್ಲಿ 5 ಮಂದಿಯನ್ನು ಬಿಡುಗಡೆ ಮಾಡಿ, ನಾಲ್ವರ ಶಿಕ್ಷೆಯನ್ನು ಉಳಿಸಿತು. ಇಷ್ಟಕ್ಕೇನಾ ಮರುವಿಚಾರಣೆ ಎಂದು ನಮ್ಮವರೇ ಕೇಳಿದ್ದುಂಟು. ನಾವು ಹಾಗೆ ಎಣಿಸುವುದಿಲ್ಲ. 2003ರ ಬಿಡುಗಡೆಯನ್ನು ನಾವು ಒಪ್ಪಲಿಲ್ಲ, ಏಕೆಂದರೆ ಅಲ್ಲಿ ಸಾಕ್ಷ್ಯದ ಬಾಯಿಯೇ ಕಟ್ಟಿತ್ತು. 2012ರಲ್ಲಿ ಸಾಕ್ಷ್ಯವನ್ನು ತೂಗಿ, ಸಾಲದೆಂದು ಕಂಡು ಬಿಟ್ಟರು. ಹೊಸ ವಿಚಾರಣೆಯನ್ನು ಕೇಳಿದ್ದು ನಾವೇ ಆದ್ದರಿಂದ, ಅದು ಕೊಟ್ಟ ಬಿಡುಗಡೆಗಳನ್ನೂ ಶಿಕ್ಷೆಗಳಂತೆಯೇ ಒಪ್ಪಿಕೊಳ್ಳುತ್ತೇವೆ.