ನಕ್ಷೆಯ ನೆಲ ಎಷ್ಟು ಗಟ್ಟಿ?

ಮೊಬೈಲ್ ಪರದೆಯಲ್ಲಿ ಷೇರು ದರದ ನಕ್ಷೆ ತೋರಿಸಿ, ಅದರ ಕೆಳಗೊಂದು ಗೆರೆ ಎಳೆದು, 'ಇದು 130 ರೂಪಾಯಿಗಿಂತ ಕೆಳಗೆ ಹೋಗುವುದಿಲ್ಲ' ಎಂದು ಮಗ ಹೇಳಿದರೆ ತಂದೆ ಕೇಳಬೇಕಾದ ಪ್ರಶ್ನೆ ಒಂದೇ: 'ಹೋದರೆ?' 18 ವರ್ಷ ತುಂಬಿದವರು ಸ್ವತಂತ್ರವಾಗಿ ಡಿಮ್ಯಾಟ್ ಖಾತೆ ತೆರೆಯಬಹುದು. ಹಾಗಾಗಿ ಆ ಗೆರೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಮಗನೂ ತಂದೆಯೂ ತಿಳಿದಿರುವುದು ಒಳ್ಳೆಯದು.

ಮದುವೆಗೆ ಚಿನ್ನ ಕೊಳ್ಳಬೇಕೆಂದಿದ್ದವರು ದರ ಏರಿದಾಗ 'ಅಂದೇ ಕೊಂಡಿದ್ದರೆ ಚೆನ್ನಾಗಿತ್ತು' ಎಂದು ಕೈ ಹಿಸುಕಿಕೊಳ್ಳುತ್ತಾರೆ. ಹಳೆಯ ದರ ಮತ್ತೆ ಬಂದರೆ ಅಂಗಡಿಗೆ ಧಾವಿಸುತ್ತಾರೆ. ಷೇರಿನಲ್ಲೂ ಹೀಗೆಯೇ. ಹಿಂದೊಮ್ಮೆ ಇಳಿದು ಮೇಲೆದ್ದ ದರವನ್ನು ಜನ ನೆನಪಿಟ್ಟಿರುತ್ತಾರೆ. ದರ ಮತ್ತೆ ಅಲ್ಲಿಗೆ ಬಂದಾಗ ಕೊಳ್ಳುವವರು ಹೆಚ್ಚುತ್ತಾರೆ, ಇಳಿತ ನಿಲ್ಲುತ್ತದೆ. ಇದೇ ಬೆಂಬಲ ಮಟ್ಟ. ಏರುವ ದರಕ್ಕೆ ಮಾರುವವರು ಅಡ್ಡ ನಿಲ್ಲುವ ಜಾಗ ಪ್ರತಿರೋಧ ಮಟ್ಟ.

ದರ ಏರಿಳಿಯುತ್ತಲೇ ಒಂದು ದಿಕ್ಕಿಗೆ ಸಾಗುವುದೂ ಉಂಟು. ಒಂದು ಷೇರು ಜನವರಿಯಲ್ಲಿ 100, ಮಾರ್ಚ್‌ನಲ್ಲಿ 110, ಮೇ ತಿಂಗಳಲ್ಲಿ 120 ರೂಪಾಯಿಗೆ ಇಳಿದು ಮೇಲೆದ್ದಿತು ಎನ್ನೋಣ. ನಡುವೆ ಫೆಬ್ರುವರಿಯಲ್ಲಿ 125, ಏಪ್ರಿಲ್‌ನಲ್ಲಿ 135ಕ್ಕೆ ಏರಿತ್ತು. ಕೆಳಗಿನ ಬಿಂದುಗಳನ್ನು ಸೇರಿಸಿ ಒಂದು ಗೆರೆ, ಮೇಲಿನವನ್ನು ಸೇರಿಸಿ ಇನ್ನೊಂದು ಗೆರೆ ಎಳೆದರೆ ಎರಡೂ ಸಮಾನಾಂತರವಾಗಿ ಏರುತ್ತವೆ. ಎರಡು ಬದುಗಳ ನಡುವೆ ಹರಿಯುವ ಕಾಲುವೆಯಂತೆ ಕಾಣುವ ಇದಕ್ಕೆ ಪ್ರೈಸ್ ಚಾನೆಲ್ ಎಂದು ಹೆಸರು. ಇದೇ ಲೆಕ್ಕದಲ್ಲಿ ಜುಲೈನ ಬೆಂಬಲ 130. ಮಗ ಹೇಳಿದ ಅಂಕಿ ಬಂದದ್ದು ಹೀಗೆ.

ಈ ಲೆಕ್ಕ ಬರೀ ಕಲ್ಪನೆಯಲ್ಲ. 2008ರ ಜನವರಿಯಲ್ಲಿ 21,000 ದಾಟಿದ್ದ ಮುಂಬೈ ಷೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್ ಅಕ್ಟೋಬರ್ 27ರಂದು 7,700ರ ಹತ್ತಿರಕ್ಕೆ ಕುಸಿದು, ಅದೇ ದಿನ 8,500ರ ಮೇಲೆ ಮುಕ್ತಾಯವಾಯಿತು. 2009ರ ಮಾರ್ಚ್‌ನಲ್ಲಿ ಮತ್ತೆ 8,000ದ ಸಮೀಪಕ್ಕೆ ಬಂದು ಅಲ್ಲಿಂದ ಮೇಲೆದ್ದಿತು. ಮೇ 18ರ ಹೊತ್ತಿಗೆ 14,000 ದಾಟಿತ್ತು. ಬೆಂಬಲ ಒಂದೇ ಅಂಕಿಯಲ್ಲ, ಅಗಲವಾದ ಪಟ್ಟಿ ಎಂಬುದೂ ಇಲ್ಲಿ ಕಾಣುತ್ತದೆ.

ಆದರೆ ಇದೇ ಅವಧಿಯಲ್ಲಿ ಇನ್ನೊಂದು ಘಟನೆ ನಡೆಯಿತು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು, ಕಂಪೆನಿಯ ಲೆಕ್ಕಪತ್ರಗಳೇ ಸುಳ್ಳು ಎಂದು ಒಪ್ಪಿಕೊಂಡರು. ಸುಮಾರು 179 ರೂಪಾಯಿ ಇದ್ದ ಷೇರು ಒಂದೇ ದಿನದಲ್ಲಿ 40ರ ಆಸುಪಾಸಿಗೆ ಬಿತ್ತು. ನಡುವಿನ ಯಾವ ಗೆರೆಯೂ ಅದನ್ನು ತಡೆಯಲಿಲ್ಲ. ನಕ್ಷೆ ಬಲ್ಲದ್ದು ಜನ ಕೊಟ್ಟ ಬೆಲೆಯನ್ನು ಮಾತ್ರ, ಕಂಪೆನಿಯ ಒಳಗುಟ್ಟನ್ನಲ್ಲ. ಕೊಳ್ಳುವವರ ನಂಬಿಕೆಯೇ ಬೆಂಬಲ. ನಂಬಿಕೆ ಹೋದರೆ ಗೆರೆಯೂ ಹೋಯಿತು. ಆಮೇಲೆ ಅದೇ ಹಳೆಯ ಬೆಂಬಲ, 'ಕೊಂಡ ದರ ಬಂದರೆ ಸಾಕು, ಮಾರಿಬಿಡೋಣ' ಎನ್ನುವವರಿಂದ ಪ್ರತಿರೋಧವಾಗುವುದೂ ಸಾಮಾನ್ಯ.

ಹಾಗಾದರೆ ಗೆರೆ ಏತಕ್ಕೆ? ತನ್ನ ಊಹೆ ಎಲ್ಲಿ ತಪ್ಪಾಯಿತು ಎಂದು ಗುರುತಿಸಲಿಕ್ಕೆ. 130ಕ್ಕೆ ಕೊಳ್ಳುವವನು 125ಕ್ಕೆ ಇಳಿದರೆ ಮಾರುವುದಾಗಿ ಮೊದಲೇ ನಿರ್ಧರಿಸಿದರೆ 40 ಷೇರಿಗೆ ನಷ್ಟ 200 ರೂಪಾಯಿ. ಇದಕ್ಕೆ ಸ್ಟಾಪ್ ಲಾಸ್ ಎನ್ನುತ್ತಾರೆ. ದರ ಒಮ್ಮೆಲೇ ಜಾರಿದರೆ 125 ಸಿಗದೆಯೂ ಹೋಗಬಹುದು. ಆದ್ದರಿಂದ ಕಾಲೇಜು ಶುಲ್ಕದ ಹಣ, ಸಾಲದ ಹಣ ಇಲ್ಲಿಗೆ ಬರಬಾರದು. ಫ್ಯೂಚರ್ಸ್, ಆಪ್ಷನ್ಸ್ ವಹಿವಾಟಿನಿಂದಂತೂ ವಿದ್ಯಾರ್ಥಿಗಳು ದೂರವಿರಬೇಕು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು ಎಂದು 'ಸೆಬಿ' 2024ರಲ್ಲಿ ತಿಳಿಸಿತು.

ಕಲಿಯಲು ಹಣ ಬೇಕಿಲ್ಲ. ಒಂದು ಗ್ರಾಫ್ ಪುಸ್ತಕ ಸಾಕು. ಒಂದು ಷೇರಿನ ದರವನ್ನು ಆರು ತಿಂಗಳು ಗುರುತಿಸಿ, ಗೆರೆ ಎಳೆದು, ಊಹೆಯನ್ನು ತಾರೀಖಿನೊಡನೆ ಬರೆದಿಡಬಹುದು. ಪ್ರತಿ ಊಹೆಯ ಪಕ್ಕದಲ್ಲಿ 'ಹೋದರೆ?' ಎಂಬುದಕ್ಕೂ ಉತ್ತರವಿರಲಿ. ಆ ಉತ್ತರ ಬರೆಯಲು ಬಾರದಿದ್ದರೆ ಷೇರು ಕೊಳ್ಳುವ ಸಮಯ ಇನ್ನೂ ಬಂದಿಲ್ಲ.